ಎಂಬತ್ತಕ್ಕ ತಗಿ

ದಾನವ್ವ ತಂದ ಫೋನು
ಕಡಬಿನಂಗ ಉಬ್ಬಿತ್ತು.
ಹಿಂದಿನ ಮುಚ್ಚಳ ಒಂದು ಕಡೆ ಬಿಟಗೊಂಡು
ಹೊರಗ ಯಾರದಾರ ಅಂತ ಬ್ಯಾಟ್ರಿ ಹಣಿಕಿ ನೋಡಿದಂಗಿತ್ತು.
ಸುತ್ತ ಎರಡು ರಬ್ಬರ್ ಬ್ಯಾಂಡು, ಒಂದು ಕೆಂಪು, ಒಂದು ಹಳದಿ,
ಸಂದ್ಯಾಗ ಸಿಕ್ಕೊಂಡ ನೇರಳೆ ನೂಲಿನ ಎಳಿ.

"ಮೂವತ್ತಾರು ಅಂತ ತೋರಸ್ತೈತಿ, ಲಾಲಸಾಬಾ,
ಹಲೋ ಅನ್ನೂದ್ರಾಗ ಸಾಯ್ತೈತಿ."

ರಬಕವಿಯೊಳಗ ನಮ್ಮ ಓಣಿ
ಎಡಕ್ಕ ಮಗ್ಗ, ಬಲಕ್ಕ ಮಗ್ಗ,
ನಡುವ ನನ್ನ ಡಬ್ಬಿ ಅಂಗಡಿ.
ಆ ಖಟಾಖಟ ಸಪ್ಪಳದಾಗ
ತುಟಿ ನೋಡಿ ಮಾತು ತಿಳಕೋತೀವಿ ನಾವು.
ಕರೆಂಟ್ ಹೋದಾಗಷ್ಟ ನಮ್ಮ ದನಿ ನಮಗ ಕೇಳ್ತೈತಿ,
ಇಷ್ಟು ಒದರ್ತೀವೇನು ಅಂತ ನಾಚಿಕಿ ಬರ್ತೈತಿ.

ಪ್ಲಾಸ್ಟಿಕ್ ಪಟ್ಟಿ ತೂರಿಸಿ ಸಾವಕಾಶ ಎಬ್ಬಿಸಿದೆ,
ಮಲಗಿದ ಕೂಸಿನ ಬುಡಕಿಂದ ಹಸಿ ದುಪ್ಪಟಿ ಎಳದಂಗ.
ಉಸುಕಿನ ಬಕೆಟ್‌ನ್ಯಾಗ ಇಟ್ಟೆ.
ಈ ವಾರದ ಹನ್ನೊಂದು ಅದರಾಗ ಆಗಲೇ ಇದ್ದುವು.

ಆಮ್ಯಾಲ ದಿನಾ ಹೇಳೂದನ್ನ ಹೇಳಿದೆ:
ಇಪ್ಪತ್ತಕ್ಕ ಹಚ್ಚು, ಎಂಬತ್ತಕ್ಕ ತಗಿ.
ತಲಿದಿಂಬಿನ ಬುಡಕ ಇಡಬ್ಯಾಡ.
ಮೋಟಾರ್ ಮ್ಯಾಲಂತೂ ಇಡಲೇಬ್ಯಾಡ, ಬಿಸಿ ಅದಕ್ಕ ವಿಷ.
ಬಿಂದಿಗಿ ಅಲ್ಲವ್ವ ಅದು ಕಂಠಮಟ ತುಂಬಸಾಕ,
ಹೊಟ್ಟಿ ಇದ್ದಂಗ, ಇನ್ನೊಂದು ರೊಟ್ಟಿ ಹಿಡಿಸ್ತೈತಿ ಅನ್ನೂವಾಗ
ಕೈ ತೊಳಕೋಬೇಕು.
ದಿನಾ ರಾತ್ರಿ ಪೂರಾ ತುಂಬಿಸಿ ಬೆಳತನಕ ಬಿಟ್ಟರ
ಒಳಗೊಳಗ ಮುಪ್ಪು ಬರ್ತೈತಿ.

ಆಕಿ ನನ್ನ ತುಟಿ ನೋಡಿದಳು, ಆಮ್ಯಾಲ ಕಣ್ಣು.
ಅಷ್ಟರಾಗ ಕರೆಂಟ್ ಹೋತು.
ಓಣಿ ಒಮ್ಮೆಲೆ ಗಪ್ ಆತು.

"ಎಂಟು ತಾಸು ಹಚ್ಚು ಅಂದಾಂವ ನೀನ ಅಲ್ಲೇನೋ?"

ದನಿ ಇನ್ನೂ ಮಗ್ಗದ ಅಳತಿಯೊಳಗ ಇತ್ತು.
ಎದುರಿನ ಹಿಟ್ಟಿನ ಗಿರಣಿಯಾಂವ ತಿರುಗಿ ನೋಡಿದ.

ನಾನ.
ಆಕಿ ಮೊದಲನೇ ಫೋನು ತಗೊಂಡಾಗ, ಬಟನ್ ಫೋನು, ಬ್ಯಾಟ್ರಿ ದೀಪ ಇದ್ದದ್ದು,
ಇದs ಕಟ್ಟಿ ಮ್ಯಾಲೆ ನಿಂತು ಹೇಳಿದ್ದೆ:
ಎಂಟು ತಾಸು ಹಚ್ಚು. ಪೂರಾ ಸತ್ತ ಮ್ಯಾಲೆ ಮತ್ತ ಎಂಟು ತಾಸು.
ನನಗ ಹೇಳಿದಾಂವ ಮಿರಜದ ಉಸ್ತಾದ,
ಅಂವಗ ಯಾರ ಹೇಳಿದ್ದರೋ.
ಅಂವನ ಕಾಲದ ಬ್ಯಾಟ್ರಿಗೆ ಖರೇ ಇದ್ದೀತು ಆ ಮಾತು.
ಬ್ಯಾಟ್ರಿ ಬದಲಾತು,
ಮಾತು ಮಾತ್ರ ಒಂದು ಬಾಯಿಂದ ಇನ್ನೊಂದು ಬಾಯಿಗೆ
ಚಾರ್ಜ್ ಆಗ್ಕೋತ ಹೊಂಟಿತ್ತು.

"ಮನ್ಯಾಗ ಇರೂದು ಒಂದs ಬೋರ್ಡು.
ರಾತ್ರಿ ಹತ್ತಕ್ಕ ಮಗ್ಗ ನಿಂತ ಮ್ಯಾಲೆ ಹಚ್ಚೂದು, ಆರಕ್ಕ ತಗಿಯೂದು,
ಒಂದಿನ ತಪ್ಪಿಸಿಲ್ಲ.
ಮೊಮ್ಮಗಳು ನಡುರಾತ್ರಿ ಎದ್ದು ಪಿನ್ ತಗದ್ಲು ಅಂತ
ಕೈ ಮ್ಯಾಲೆ ಹೊಡದೀನಿ.
ಲಾಲಸಾಬ ಹೇಳ್ಯಾನ, ಮುಟ್ಟಬ್ಯಾಡ ಅಂತ."

ಏನಂತ ಹೇಳಲಿ?
ಹೊಸಾ ಬ್ಯಾಟ್ರಿಯ ಅಂಟು ಸುಲದೆ,
ಸ್ಕ್ರೂ ಒಂದು ಕೈ ಜಾರಿ ಬಿತ್ತು, ಚಾಪಿ ಮ್ಯಾಲೆ ಹುಡುಕಿದೆ,
ಎದ್ದು ಅಂದೆ: "ಬ್ಯಾಟ್ರಿದಷ್ಟ ಕೊಡು ಅವ್ವ, ಮಜೂರಿ ಬ್ಯಾಡ."

"ಯಾಕ ಬ್ಯಾಡ?" ಅಂದ್ಲು. ನೂರರ ನೋಟು ಕೌಂಟರ್ ಮ್ಯಾಲೆ ಬಡದಿಟ್ಟು,
"ನಾನೂ ಬಂದ ಬಂದ ಹುಡುಗ್ಯಾರಿಗೆ
ಕಂಡಿಕಿ ಗಟ್ಟಿ ಸುತ್ರಿ, ಗಟ್ಟಿ ಸುತ್ರಿ ಅಂತಿದ್ದೆ.
ಹೊಸಾ ಮಷೀನಿಗೆ ಅದs ಎಳಿ ಹರೀತಿತ್ತು.
ನಾಕು ವರ್ಷ ಹುಡುಗ್ಯಾರನ್ನ ಬೈದೆ.
ನನ್ನ ಪಗಾರ ಯಾರ ಮುರಕೊಂಡ್ರು?"

ಫೋನು ಎಚ್ಚರಾತು. ಅರವತ್ತೆರಡು.
ಆಕಿ ಅದನ್ನ ಅಂಗೈಯೊಳಗ ತೂಗಿ ನೋಡಿದ್ಲು,
ರಬ್ಬರ್ ಬ್ಯಾಂಡು ಎರಡೂ ಬಳಿ ಹಿಂದ ಏರಿಸಿದ್ಲು.
"ಎಂಬತ್ತು ಅಂದ್ರ ಎಂಬತ್ತ ಹೌದಲ್ಲ?
ಮತ್ತ ಹತ್ತು ವರ್ಷ ಬಿಟ್ಟು ಬ್ಯಾರೆ ಹೇಳೂದಿಲ್ಲಲ್ಲ?"

ನಾ ಬಾಯಿ ತಗದೆ.
ಅಷ್ಟರಾಗ ಕರೆಂಟ್ ಬಂತು.
ಎಡಕ್ಕ ಮಗ್ಗ, ಬಲಕ್ಕ ಮಗ್ಗ.
ಆಕಿ ನನ್ನ ತುಟಿ ಮ್ಯಾಲೆ ಏನ ಓದಿದಳೋ,
ತಲಿ ಅಲ್ಲಾಡಿಸಿ
ಸೆರಗು ಸರಿ ಮಾಡಕೊಂಡು ಹ್ವಾದ್ಲು.