ಓಡಿದವಳಿಗೆ

ನಸುಕಿಗೇ ಎದ್ದು ಕೋಳಿಯ ಹೊಟ್ಟೆಗೆ
ಗೋಧಿನುಚ್ಚು ತುಂಬಿ ಹೊಲಿದೆ.
ರೊಟ್ಟಿಯ ಮೇಲೆ ಹಿಟ್ಟಿನದೇ ಬಳ್ಳಿ, ಹಿಟ್ಟಿನದೇ ಗೊಂಚಲು,
ಎಲೆಗೆ ನರ ಬಿಡಿಸಲು ಹಳೆಯ ಬಾಚಣಿಗೆ.
ಹೊರಗೆ ಮೆಲ್ನಿಕ್ಕಿನ ಮರಳುಗುಡ್ಡಗಳು,
ಸ್ಟ್ರುಮಾ ಹೊಳೆ ಮಂಜಿನ ಮುಸುಕೆಳೆದು
ಏಳಲೊಲ್ಲದ ಫೆಬ್ರವರಿ.

ಇವತ್ತು ಟ್ರಿಫೋನನ ಹಬ್ಬ.
ಗಂಡಸರು ಬಳ್ಳಿ ಸವರುವ ದಿನ:
ಮೂರು ಬುಡ, ಬುಡಕ್ಕೆ ಮೂರು ಕಡ್ಡಿ,
ಕೊಯ್ದ ಗಾಯಕ್ಕೆ ಹೋದ ವರ್ಷದ ವೈನು,
ಕ್ರಿಸ್‌ಮಸ್ ರಾತ್ರಿಯ ಒಲೆಯಿಂದ ಎತ್ತಿಟ್ಟ ಬೂದಿ.
ಆಮೇಲೆ ಒಬ್ಬನನ್ನು ಹಿಡಿದು ರಾಜನೆಂದು
ಅದೇ ಕಡ್ಡಿಗಳ ಕಿರೀಟವಿಟ್ಟು
ಮನೆಮನೆಗೆ ಹೊತ್ತು ತಿರುಗುವುದು.
ಬೆಳೆ ಕೈಕೊಟ್ಟರೆ ಮುಂದಿನ ಸಲ
ಕಿರೀಟ ಇನ್ನೊಂದು ತಲೆಗೆ.

ಎಲ್ಲಿಂದ ಬಂತು ಇದು ಎಂದು
ಮದುವೆಯಾಗಿ ಬಂದ ವರ್ಷವೇ ಕೇಳಿದ್ದೆ.
ಪಾದ್ರಿ ಒನುಫ್ರಿ ಅಂದರು,
ಫ್ರಿಗಿಯಾದಲ್ಲಿ ಹೆಬ್ಬಾತು ಕಾಯುತ್ತಿದ್ದ ಹುಡುಗ,
ನಂಬಿದ್ದಕ್ಕೆ ತಲೆ ಕೊಟ್ಟ, ಸಂತನಾದ.
ಮೇಷ್ಟ್ರು ಲ್ಯೂಬೆನ್ ನಕ್ಕರು,
ಅದೆಲ್ಲ ನಿನ್ನೆಮೊನ್ನೆಯದು.
ಥ್ರೇಸಿನವರು ಮದ್ಯದ ದೇವರ ಮುಂದೆ
ಕುಣಿದಾಗ ಎದ್ದ ಧೂಳು ಇನ್ನೂ ಕೂತಿಲ್ಲ;
ಸಂತನ ನಿಲುವಂಗಿ ಒಂಚೂರು ಎತ್ತಿ ನೋಡು,
ಆಡಿನ ಗೊರಸು ಕಂಡೀತು.
ಸಹಕಾರಿ ತೋಟದ ಗೋಡೆಯಲ್ಲಿ ಹಳೆಯ ಫಲಕ,
‘ದ್ರಾಕ್ಷಿ ಬೆಳೆಗಾರರ ದಿನ’.
ಸಂತನೂ ಇಲ್ಲ, ದೇವರೂ ಇಲ್ಲ,
ಬರೀ ಒಂದು ಕತ್ತರಿ, ಅದೂ ಕೆಂಪು.

ಅತ್ತೆ ವೆಲಿಕಾ ಮಾತ್ರ
ಉಣ್ಣೆ ನೂಲುತ್ತ ಕದಿರ ತುದಿಯಿಂದಲೇ ಕಥೆ ಎಳೆದಳು.
ಟ್ರಿಫೋನ ಬಳ್ಳಿ ಸವರುತ್ತಿದ್ದ.
ನಲವತ್ತು ದಿನದ ಕೂಸನ್ನೆತ್ತಿಕೊಂಡು ತಾಯಿ ಮೇರಿ
ಗುಡಿಗೆ ಹೊರಟವಳು ಅದೇ ದಾರಿಯಲ್ಲಿ ಬಂದಳು.
ಒಡಹುಟ್ಟಿದ ತಮ್ಮನೇ! ಆದರೂ
ಎಲುಬಿಲ್ಲದ ನಾಲಿಗೆ ನೋಡು,
‘ಯಾರದಕ್ಕಾ ಕೂಸು?’ ಎಂದುಬಿಟ್ಟ.
ಅವಳು ಬಯ್ಯಲಿಲ್ಲ, ಶಪಿಸಲಿಲ್ಲ.
ನೆಟ್ಟಗೆ ಅವನ ಮನೆಗೆ ನಡೆದು ಹೆಂಡತಿಗೆ,
‘ಓಡೇ, ನಿನ್ನ ಗಂಡ ಮೂಗು ಕೊಯ್ದುಕೊಂಡ.’
ಓಡಿದಳು. ನೋಡಿದರೆ
ಮೂಗು ಮುಖದಲ್ಲೇ ಇದೆ.
‘ಹುಚ್ಚೀ, ನಾನು ಕೊಯ್ಯುವುದು ಹೀಗೆ, ಕೆಳಕ್ಕೆ;
ಹೀಗೆ ಮೇಲಕ್ಕಲ್ಲ’
ಎಂದು ತೋರಿಸಹೋದ.
ತೋರಿಸಿದ.

ಸಿಟ್ಟಲ್ಲಿ ಕೊಯ್ದ ಮೂಗು
ಶಾಂತಿಯಲ್ಲಿ ಬಾರದು, ಸರಿ;
ತಮಾಷೆಗೆ ಕೊಯ್ದದ್ದು?
ನಾನು ನಗಲಿಲ್ಲ. ಕೇಳಿದೆ:
‘ಅತ್ತೆ, ಆ ಹೆಂಡತಿಯ ಹೆಸರೇನು?’
ಕದಿರು ನಿಂತಿತು.
ಎಪ್ಪತ್ತು ವರ್ಷ ಹೇಳಿದ ಕಥೆಯನ್ನು
ಹಿಂದುಮುಂದು ತಡಕಾಡಿ
ಅತ್ತೆ ಅಂದಳು, ‘ಕೇಳಿದವರಿಲ್ಲ ಕಣೆ.’

ಓಡುವುದೆಂದರೇನೆಂದು ನನಗೆ ಗೊತ್ತು.
ಯಾರೋ ಬೇಲಿಯಾಚೆಯಿಂದ
‘ನಿನ್ನ ಗೆಂಚೊ ಕೈ ಕೊಯ್ದುಕೊಂಡ’ ಎಂದಾಗ
ಮನೆಚಪ್ಪಲಿಯಲ್ಲೇ ಹಿಮದಲ್ಲಿ ಓಡಿದ್ದೆ,
ಹೆಗಲ ಮೇಲೆ ಟವೆಲು, ಬಾಯಲ್ಲಿ
ಎಲ್ಲ ಸಂತರ ಹೆಸರೂ ಒಟ್ಟಿಗೇ.
ನಮ್ಮಲ್ಲಿ ಸುದ್ದಿ ನಿಜವಾಗಿತ್ತು.
ಹೆಬ್ಬೆರಳ ತುದಿ ಕೊನೆಗೂ ಸಿಗಲಿಲ್ಲ.
ಅಲ್ಲೇ ಇದೆ, ಏಳನೇ ಸಾಲಿನ ಮೂರನೇ ಬುಡದಲ್ಲಿ.
‘ಆ ಬಳ್ಳಿಯ ರಸ ಮಾತ್ರ ನಮ್ಮ ರಕ್ತಸಂಬಂಧಿ’
ಎಂದು ಗೆಂಚೊ ಕುಡಿದಾಗಲೆಲ್ಲ
ಒಂಬತ್ತೂವರೆ ಬೆರಳೆತ್ತಿ ಸಾರುತ್ತಾನೆ.

ಇಗರ್ಜಿಗೆ ಹಬ್ಬ ಒಂದನೇ ತಾರೀಕು,
ಊರಿಗೆ ಹದಿನಾಲ್ಕು.
ಪಂಚಾಂಗ ಬದಲಿಸಿದಾಗ ನುಂಗಿಹೋದ
ಹದಿಮೂರು ದಿನಗಳನ್ನು
ನಮ್ಮ ಗಂಡಸರು ಬಿಟ್ಟುಕೊಟ್ಟಿಲ್ಲ.
ಎರಡೂ ದಿನ ಕುಡಿಯುತ್ತಾರೆ.

ಈ ಸಲ ಗೆಂಚೊನೇ ರಾಜ.
ಹೊತ್ತುಕೊಂಡು ಹೋದರು, ಗದ್ದಲ ಇಳಿಯಿತು.
ಹೆಂಗಸರು ಕಾಲಿಡಬಾರದ ದಿನ
ನಾನು ಏಳನೇ ಸಾಲಿಗೆ ನಡೆದೆ.
ಮೂರನೇ ಬುಡ.
ಕೊಯ್ದ ಬಾಯಲ್ಲಿ ಆಗಲೇ ನೀರು,
ಹನಿದು, ನಿಂತು, ಮತ್ತೆ ಹನಿದು.
ಮಾರ್ಚಿನಲ್ಲಿ ಅಳಬೇಕಾದ ಬಳ್ಳಿ.
ಒಂದನೇ ತಾರೀಕೂ ತಡ ಇದಕ್ಕೆ,
ಹದಿನಾಲ್ಕಂತೂ ಇನ್ನೂ ತಡ.
ಒಂದು ಹನಿ ಬೆರಳಿಗೆ ತೆಗೆದು ನೆಕ್ಕಿದೆ.
ರುಚಿಯೇ ಇಲ್ಲ. ತಣ್ಣಗಿತ್ತು.

ಹೂಜಿಯ ತಳದಲ್ಲಿ ಉಳಿದಿದ್ದನ್ನು
ಬುಡಕ್ಕೆ ಸುರಿದೆ.
ಸಂತನಿಗಲ್ಲ, ಗೊರಸಿನ ದೇವರಿಗಲ್ಲ,
ಟವೆಲು ಹಿಡಿದು ಓಡಿದವಳಿಗೆ.
ಏನೆಂದು ಕರೆಯಲಿ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಕೆಳಗಿನ ಓಣಿಯಿಂದ
ರಾಜನ ಕೂಗು:
ಕೋಳಿ ಆರುತ್ತಿದೆ, ಎಲ್ಲಿ ಸತ್ತೆ?