ತುಟಿಯ ಕಚ್ಚು

ಪಾಂಗ್ಲಾವೊ ದ್ವೀಪದಲ್ಲಿ ಬೆಳಗಿನ ಐದಕ್ಕೆ
ಸೆವೆರಿನೊ ಬಲೆ ಎತ್ತಿ ತಂದ.
ನಾಲ್ಕು ತಿಂಗಳ ಹಿಂದೆ ಐವತ್ತು ಮಾರು ಆಳದಲ್ಲಿ
ಬಂಡೆಗೋಡೆಗೆ ಇಳಿಬಿಟ್ಟಿದ್ದ ಹರಕು ಬಲೆ.
ಮೀನಿಗಲ್ಲ. ಕೆಸರು, ಸ್ಪಂಜು, ಹುಳ
ಸಂಸಾರ ಹೂಡಲಿ ಎಂದು.

ಅಂಗಳದಲ್ಲಿ ಒದರಿದರೆ
ಅಕ್ಕಿ ನುಚ್ಚಿನಷ್ಟಷ್ಟೇ ಚಿಪ್ಪು ಉದುರುತ್ತವೆ.
ಬಿಬಿಯಾನಾ ಕನ್ನಡಕದ ಮೇಲೆ ಇನ್ನೊಂದು ಕನ್ನಡಕವಿಟ್ಟು
ಬಿಳಿ ತಟ್ಟೆಯ ಮುಂದೆ ಕೂರುತ್ತಾಳೆ.

"ಗೋಪುರ ನೋಡಬೇಡ, ಎಲ್ಲವಕ್ಕೂ ಗೋಪುರವೇ.
ಬಣ್ಣ ನಂಬಬೇಡ, ಬಿಸಿಲಿಗೆ ಹೋಗುತ್ತೆ.
ತುಟಿ ನೋಡು.
ಹೊಲಿಗೆಗೂ ಭುಜಕ್ಕೂ ನಡುವೆ ಕಚ್ಚಿದ್ದರೆ ಆ ಕಡೆ,
ಏಣಿನ ಮೇಲೇ ಇದ್ದರೆ ಈ ಕಡೆ."

ಕಚ್ಚು ಯಾತಕ್ಕೆ? ಕೇಳಿದ್ದೆ, ಆಗ ನನಗೆ ಹತ್ತು ವರ್ಷ.
"ಹೇಲೋದಕ್ಕೆ," ಅಂದಳು, ನಗದೆ.
"ಮುಂದಿನ ಕೊಳವೆಯಲ್ಲಿ ಹೊಸ ನೀರು ಒಳಕ್ಕೆ,
ಹಿಂದಿನ ಕಚ್ಚಿನಲ್ಲಿ ಹಳೆಯದು ಹೊರಕ್ಕೆ.
ನಮ್ಮ ಮನೆಗಿರೋದು ಒಂದೇ ಬಾಗಿಲು."

ಚಿಪ್ಪು ಬೆಳೆದಂತೆ ಕಚ್ಚು ಮುಂದೆ ಸರಿಯುತ್ತದೆ,
ಬಿಟ್ಟ ಜಾಗ ಸುಣ್ಣ ತುಂಬಿಕೊಳ್ಳುತ್ತದೆ,
ಗುರುತು ಮಾತ್ರ ಹೋಗುವುದಿಲ್ಲ:
ಬಿದಿಗೆ ಚಂದ್ರನಂಥ ಗೀರುಗಳ ಪಟ್ಟಿ
ಬಲಮುರಿಯಾಗಿ ಸುತ್ತು ಸುತ್ತು ಹತ್ತಿ
ತುದಿಯ ಶಿಶುಚಿಪ್ಪಿನವರೆಗೆ.
ಅಲ್ಲಿ ಏನೂ ಇಲ್ಲ. ಗಾಜಿನ ನುಣುಪು.
ಆಗಿನ್ನೂ ಅದು ತೇಲುತ್ತಿತ್ತು.

ಈ ಸಲ ಮ್ಯೂಸಿಯಂನಿಂದ ಕಾಗದ ಬಂದಿದೆ.
ಒಂದೇ ಮನೆತನ ಅಂದುಕೊಂಡದ್ದು ಹದಿಮೂರಂತೆ.
ಕಚ್ಚು ಸಾಲದಂತೆ. ಹಲ್ಲು ಬೇಕಂತೆ,
ಈಟಿಯಂಥ ಟೊಳ್ಳು ಹಲ್ಲು, ವಿಷ ಹಾಯುವಂಥದ್ದು.
ಮಾಂಸ ಬೇಕಂತೆ, ಸ್ಪಿರಿಟ್ಟಿನಲ್ಲಿ ಅದ್ದಿ.
ಅಕ್ಕತಂಗಿಯರೆಂದು ಒಂದೇ ಡಬ್ಬಿಯಲ್ಲಿಟ್ಟವು
ಹತ್ತಿರದ ನೆಂಟರೂ ಅಲ್ಲವಂತೆ.

ಓದಿ ಹೇಳಿದೆ. ಬಿಬಿಯಾನಾ ಚಿಮಟ ಕೆಳಗಿಡಲಿಲ್ಲ.
"ಹದಿಮೂರು ಡಬ್ಬಿ ಎಲ್ಲಿವೆ ಮನೆಯಲ್ಲಿ?"
ಸೆವೆರಿನೊ ಸಾರ್ಡೀನ್ ಡಬ್ಬಿ ತೊಳೆಯಲು ಎದ್ದ.

ಮಧ್ಯಾಹ್ನಕ್ಕೆ ಒಂದು ಉಳಿಯಿತು, ಕಿರುಬೆರಳ ಉಗುರಿನಷ್ಟು.
ಏಡಿ ಮುರಿದ ತುಟಿ,
ಸೊಟ್ಟಗೆ ಮತ್ತೆ ಕಟ್ಟಿಕೊಂಡದ್ದು.
ಆ ಗಾಯದಿಂದೀಚೆಗೆ ಕಚ್ಚು ಒಂದೆಳೆ ಕೆಳಗೆ:
ಆ ಕಡೆಯದೂ ಅಲ್ಲ, ಈ ಕಡೆಯದೂ ಅಲ್ಲ.
ಬೆಳಕಿಗೆ ಹಿಡಿದಳು. ಕೆಳಗಿಟ್ಟಳು. ಮತ್ತೆ ಹಿಡಿದಳು.

ತಟ್ಟೆಯ ಅಂಚಿನಲ್ಲಿ ಅದು
ಕಂದು ಮುಚ್ಚಳ ಸರಿಸಿ
ಒಂದು ಮೀಸೆ ಚಾಚಿತು.

"ಜೀವ ಇದೆ," ಅಂದೆ.
ಸ್ಪಿರಿಟ್ಟಿನ ಬಾಟಲಿ ನನ್ನ ಕೈಯಲ್ಲೇ ಇತ್ತು.
ಅವಳು ಎರಡೂ ಕನ್ನಡಕ ತೆಗೆದಳು.