ಹನ್ನೆರಡು ಹೆಜ್ಜೆ

ತಿಂಗಳ ಮೊದಲ ಸೋಮವಾರ
ಪುಸ್ತಕ ಕಂಕುಳಲ್ಲಿ, ಕೀಲಿಗೊಂಚಲು ಸೊಂಟದಲ್ಲಿ,
ನಾನು, ಸೆಂಗಾ ಲಾರ್ನಿ, ಮೆಟ್ಟಿಲು ಹತ್ತುತ್ತೇನೆ.
ಡಂಡೀ ಊರಿನ ಕ್ರೇಗ್‌ನೆಸ್ ಗಿರಣಿ.
ಲಿಫ್ಟು ಇದೆ. ಅದರ ಮೇಲೆ ನಂಬಿಕೆ ಇಲ್ಲ.

ಒಂಬತ್ತನೇ ಕೋಣೆ, ಇಷ್‌ಬೆಲ್.
ಹಗಲು ಬಸ್ಸು ಓಡಿಸುತ್ತಾಳೆ, ರಾತ್ರಿ ತಾಮ್ರದ ತಗಡು ಕೊರೆಯುತ್ತಾಳೆ.
ನಲವತ್ತು ಪೌಂಡು, ಎಲ್ಲ ಚಿಲ್ಲರೆಯಲ್ಲಿ.
ಹತ್ತನೆಯದು ಅಣ್ಣತಮ್ಮಂದಿರದು:
ಒಂದೇ ಆವಿಗೆ, ದಿನಕ್ಕೆರಡು ಜಗಳ,
ಬಾಡಿಗೆ ಮಾತ್ರ ತಪ್ಪಿಸಿದವರಲ್ಲ.
ಹನ್ನೊಂದರ ಬಾಗಿಲು ತಟ್ಟುವ ಮುಂಚೆ
ಸ್ವಲ್ಪ ನಿಲ್ಲುತ್ತೇನೆ.

ಇಲ್ಲಿ ಅಮ್ಮನ ಮಗ್ಗವಿತ್ತು.
ಬಂಗಾಳದ ಸೆಣಬು ಹಡಗಿಳಿದು ಬಂದು
ಎಣ್ಣೆ ಕುಡಿದು, ಮೆತ್ತಗಾಗಿ,
ಗೋಣಿತಟ್ಟಾಗಿ ಹೊರಬೀಳುತ್ತಿದ್ದ ಜಾಗ.
ಮಗ್ಗಕ್ಕೂ ಮಗ್ಗಕ್ಕೂ ನಡುವೆ ಎರಡು ಗೇಣು.
ಅಮ್ಮ ಅಡ್ಡಡ್ಡ ನಡೆದಳು, ಮೂವತ್ತೊಂದು ವರ್ಷ.
ಕೆಲಸ ಬಿಟ್ಟ ಮೇಲೂ
ಖಾಲಿ ಬೀದಿಯಲ್ಲಿ ಒಂದು ಭುಜ ಮುಂದೆ ಮಾಡಿಕೊಂಡೇ ಹೋಗುತ್ತಿದ್ದಳು,
ಯಾವುದೋ ಕಬ್ಬಿಣ ಲಂಗ ಹಿಡಿದೆಳೆದೀತು ಎಂಬಂತೆ.
ಕಿವಿ ಹೋಗಿತ್ತು. ತುಟಿ ನೋಡಿ ಮಾತು ಓದುವಳು.
ಅವಳಿಗೆ ಗುಟ್ಟು ಹೇಳುವುದೆಂದರೆ
ಬಾಯಿ ದೊಡ್ಡದು ಮಾಡುವುದು.

ಈಗ ಅಲ್ಲಿ ತೆಸ್ಫಾಲೆಮ್, ಅಸ್ಮಾರಾದವನು.
ಬೆಳಗಿನ ಪಾಳಿ ಮೀನು ಪೆಟ್ಟಿಗೆಗೆ ತುಂಬುತ್ತಾನೆ;
ಎಷ್ಟು ತೊಳೆದರೂ ಬಣ್ಣದ ವಾಸನೆಯೇ ಗೆಲ್ಲುತ್ತದೆ ಅನ್ನುತ್ತಾನೆ,
ನನ್ನ ಮೂಗು ಒಪ್ಪುವುದಿಲ್ಲ.
ಅವನ ಮನೆಯ ಸೂರು ಏಳಡಿ,
ಚಿತ್ರ ಒಂಬತ್ತಡಿ.
ಹಾಸಿಗೆ ಮೇಲೆ ಮಂಡಿಯೂರಿ
ಸುರುಳಿ ಬಿಚ್ಚುತ್ತ, ಸುತ್ತುತ್ತ
ಮೊಳ ಮೊಳವಾಗಿ ಬರೆದನಂತೆ, ನಾಲ್ಕು ವರ್ಷ.
ತಲೆ ಬರೆವಾಗ ಕಾಲು ಸುರುಳಿಯೊಳಗೆ,
ಕಾಲು ಬರೆವಾಗ ತಲೆ ಮಂಚದ ಕೆಳಗೆ.

ಕೀಲಿ ಕೊಟ್ಟ ದಿನವೇ ಮೊಳೆ ಹೊಡೆದು ತೂಗಿಸಿದ.
ಆಮೇಲೆ ಹಿಂದೆ ಹಿಂದಕ್ಕೆ ನಡೆದ.
ಬಾಗಿಲಲ್ಲಿ ನಿಂತು ಎಣಿಸಿದೆ: ಹನ್ನೆರಡು ಹೆಜ್ಜೆ.
ಬೆನ್ನು ಎದುರು ಗೋಡೆಗೆ ತಾಗಿತು.
"ಅಯ್ಯೋ, ಈ ಹೆಂಗಸಿನ ಕೈ ಎಷ್ಟು ಗಿಡ್ಡ!"
ಅಂದು ನಕ್ಕ. ಆಮೇಲೆ ಬಹಳ ಹೊತ್ತು ನಗಲಿಲ್ಲ.

ಮೊನ್ನೆ ನಗರಸಭೆಯ ಆಖ್ಟರ್‌ಲೋನಿ ಬಂದ, ಅಳತೆಪಟ್ಟಿ ಹಿಡಿದು.
ಒಳ್ಳೆಯವನೇ. ಬೂಟು ಒರೆಸಿಕೊಂಡು ಒಳಗೆ ಬಂದ.
"ಇಷ್ಟು ಜಾಗ ದಂಡ. ಎರಡು ಹಲಗೆಗೋಡೆ ಹಾಕಿದರೆ
ಒಂದರಲ್ಲಿ ಮೂರಾಯಿತು."
ಅದು ಖಾಲಿಯಲ್ಲ, ಹಿಂದೆ ಸರಿಯುವ ಜಾಗ, ಅಂದೆ.
ಏನೋ ಬರೆದುಕೊಂಡ. ಅವನ ಹಾಳೆಯಲ್ಲಿ
ಅದಕ್ಕೆ ಕಾಲಂ ಇರಲಾರದು.
ತೆಸ್ಫಾಲೆಮ್ ಅವನನ್ನು ಚಿತ್ರದ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲಿಸಿ,
"ಈಗ ಹಿಂದೆ ನಡೆಯಿರಿ" ಅಂದ.
ಒಂಬತ್ತಕ್ಕೇ ನಿಂತುಬಿಟ್ಟ ಆಖ್ಟರ್‌ಲೋನಿ.
ಇನ್ನೂ ಮೂರಿವೆ, ಅಂದೆ.
ಬಸ್ಸಿಗೆ ಹೊತ್ತಾಯಿತು ಅಂದ.

ಅವನ ಲೆಕ್ಕ ಸುಳ್ಳೆಂದು ಹೇಳಲಾರೆ.
ಕಾಯುವವರ ಪಟ್ಟಿಯಲ್ಲಿ ಎಪ್ಪತ್ತಾರು ಹೆಸರು.
ಐವತ್ತೆರಡನೆಯದು ನನ್ನ ಮಗಳದು.
ಪುಸ್ತಕ ನನ್ನ ಕೈಯಲ್ಲೇ ಇದೆ, ಪೆನ್ನೂ ಇದೆ.
ಹೆಸರು ಮೇಲೆ ಸರಿಸಿಲ್ಲ.
ಅವಳು ಕೇಳಿಯೂ ಇಲ್ಲ. ಅದೇ ಚುಚ್ಚುವುದು.

ಶುಕ್ರವಾರ, ಹಳೆಯ ತೂಕದ ಕೋಣೆಯಲ್ಲಿ ಪ್ರದರ್ಶನ.
ಮೂಟೆ ತೂಗುತ್ತಿದ್ದ ಕೊಕ್ಕೆಗೆ ದೀಪ ಕಟ್ಟಿದೆವು.
ಹನ್ನೊಂದು ಜನ ಬಂದರು, ಇಬ್ಬರು ಮಳೆಗೆ ಹೆದರಿ.
ಇಷ್‌ಬೆಲ್ ಡ್ರೈವರ್ ಸಮವಸ್ತ್ರದಲ್ಲೇ ಬಂದು ಮೂರು ಲೋಟ ಚಹಾ ಕುಡಿದಳು.
ಚಿತ್ರದ ಹೆಂಗಸಿಗೆ ಈಗ ಕೈ ನೀಳವಾಗಿದೆ,
ಒಂಚೂರು ಅತಿಯಾಯಿತೇನೋ.
ಮಳೆಗೆ ಹೆದರಿ ಬಂದವರಲ್ಲಿ ಒಬ್ಬ
ಮಳೆ ನಿಂತ ಮೇಲೂ ಹೋಗಲಿಲ್ಲ.

ಅಕ್ಟೋಬರಿಗೆ ತೀರ್ಮಾನವಂತೆ.
ಬಾಗಿಲು ಹಾಕಿ ಮನೆಗೆ ಬಂದರೆ
ಮಗಳು ಅಡಿಗೆಮನೆ ಮೇಜಿನ ಮೇಲೆ ಬರೆಯುತ್ತಿದ್ದಾಳೆ.
ನನ್ನನ್ನು ಕಂಡದ್ದೇ
ಹಾಳೆ ಎರಡಾಗಿ ಮಡಿಸಿ ಎತ್ತಿಟ್ಟಳು,
ಆಲೂಗಡ್ಡೆ ಹೆಚ್ಚಬೇಕಲ್ಲ.